ಗಾಳಿಗೆ ಸಿಗದ ಪಾಠ

ನಮ್ಮೂರಿನಲ್ಲಿ ಯಾರಾದರೂ ಏನಾದರೂ ಹೇಳಿದರೆ, ಕೇಳಿದವರು ಅದನ್ನೇ ಒಮ್ಮೆ ತಮ್ಮ ಬಾಯಲ್ಲಿ ಹೇಳುತ್ತಾರೆ. "ನಾಳೆ ಮಗಳ ಮನೆಗೆ ಹೊರಟಿದೀನಿ" ಅಂದರೆ "ನಾಳೆ ಮಗಳ ಮನೆಗೆ ಹೊರಟಿದೀರಾ" ಅನ್ನಬೇಕು. ಹೊಸಬರಿಗೆ ಇದು ಅಣಕಿಸಿದಂತೆ ಕೇಳಿಸುತ್ತದೆ. ಆದರೆ ದೀಪ ಹಚ್ಚುವ ಹೊತ್ತಿಗೆ ನೀರಿನ ಕಡೆಯಿಂದ ಗಾಳಿ ಬರುತ್ತದೆ. ಬಂದು, ಆ ದಿನ ನಾವು ಬರೀ ಕೇಳಿದ್ದನ್ನು, ಬರೀ ನೋಡಿದ್ದನ್ನು ಎತ್ತಿಕೊಂಡು ಹೋಗುತ್ತದೆ. ಕೈಯಲ್ಲಿ ಮಾಡಿದ್ದು ಉಳಿಯುತ್ತದೆ, ಬಾಯಲ್ಲಿ ಆಡಿದ್ದು ಉಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಚಾಡಿಮಾತಿಗೆ ಒಂದೇ ದಿನದ ಆಯಸ್ಸು. ಬೈಗುಳದ ಕತೆಯೂ ಅಷ್ಟೇ. ಬೈಸಿಕೊಂಡವನು ಬೆಳಿಗ್ಗೆ ನಗುನಗುತ್ತ ಎದುರಿಗೆ ಬರುತ್ತಾನೆ, ಬೈದವನೇ ತಲೆ ತಗ್ಗಿಸಿಕೊಂಡು ಪಕ್ಕದ ಓಣಿಗೆ ತಿರುಗುತ್ತಾನೆ. ಹೊಸಬರು ಬಂದರೆ ನಾವು ಅವರ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತೇವೆ, ಇಲ್ಲದಿದ್ದರೆ ಮರುದಿನ ಅವರು ಮತ್ತೆ ಹೊಸಬರೇ. ಈಗ ಹೇಳಹೊರಟಿರುವುದು ನನಗೆ ಉಳಿದಿರುವುದು ಕೂಡ, ಆಯಾ ದಿನ ಗಾಳಿ ಬರುವ ಮೊದಲು ಹಿತ್ತಿಲಲ್ಲಿ ನಿಂತು ಗಟ್ಟಿಯಾಗಿ ನನಗೆ ನಾನೇ ಹೇಳಿಕೊಂಡಿದ್ದರಿಂದ.

ನನ್ನ ಹೆಸರು ಇಂದುಮತಿ. ನೀರಿನ ದಡದ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಟೀಚರು. ಆ ನೀರನ್ನು ಕೆರೆ ಅನ್ನೋಣವೆಂದರೆ ಆಚೆ ದಡ ಕಾಣುವುದಿಲ್ಲ, ಸಮುದ್ರ ಅನ್ನೋಣವೆಂದರೆ ಉಪ್ಪಿಲ್ಲ. ನಾವು ನೀರು ಎಂದೇ ಕರೆಯುತ್ತೇವೆ. ಅದರ ಅಂಚಿಗೆ ಆಳೆತ್ತರ ಬೆಳೆಯುವ ಆಪಿನ ಹುಲ್ಲು ಕೊಯ್ದು, ಒಣಗಿಸಿ, ಚಾಪೆ ಹೆಣೆಯುವುದು ಊರಿನ ಕಸುಬು. ನಾನು ಓದಿದ್ದೂ ಅದೇ ಶಾಲೆಯಲ್ಲಿ. ನನಗೆ ಕಲಿಸಿದ ಹಾಲಪ್ಪ ಮೇಷ್ಟ್ರೇ ಈಗ ಹೆಡ್‌ಮಾಸ್ಟರು. ಅವರಿಗೆ ನಾನಿನ್ನೂ ಎರಡು ಜಡೆಯ ಹುಡುಗಿಯೇ, ಎಲ್ಲರೆದುರೂ ಏಕವಚನದಲ್ಲೇ ಕರೆಯುತ್ತಿದ್ದರು. ಅವರ ನಿವೃತ್ತಿಗೆ ಐದು ತಿಂಗಳಿದ್ದಾಗ ಆಚೆ ದಡದ ಕಚೇರಿಯಿಂದ ಕಾಗದ ಬಂತು. ಮಾರ್ಚಿನಲ್ಲಿ ಏಳನೇ ತರಗತಿಗೆ ಹೊರಗಿನವರು ಬಂದು ಪರೀಕ್ಷೆ ಮಾಡುತ್ತಾರೆ, ಮುಕ್ಕಾಲು ಪಾಲು ಮಕ್ಕಳು ಪಾಸಾಗದಿದ್ದರೆ ಶಾಲೆ ಮುಚ್ಚಿ ಮಕ್ಕಳನ್ನು ಆಚೆ ದಡಕ್ಕೆ ಸೇರಿಸಲಾಗುವುದು ಎಂದು ಅದರಲ್ಲಿತ್ತು. ನೆರವಿಗೆಂದು ಇಪ್ಪತ್ತು ಟ್ಯಾಬುಗಳನ್ನೂ ಒಬ್ಬ ತರಬೇತುದಾರನನ್ನೂ ಕಳಿಸಿದ್ದರು.

ಹಾಲಪ್ಪ ಮೇಷ್ಟ್ರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಆಚೆ ದಡಕ್ಕೆ ದೋಣಿ ಹೊರಡೋದು ಬೆಳಕು ಹರಿಯೋಕೆ ಮುಂಚೆ. ಯಾವ ತಾಯಿ ತನ್ನ ಹೆಣ್ಣುಮಗೂನ ಹತ್ತಿಸ್ತಾಳೆ ಹೇಳು? ಗಂಡುಡುಗ್ರು ನಾಕು ದಿನ ಹೋದಾರು. ಹೆಣ್ಣುಡುಗ್ರು ಚಾಪೆ ಮುಂದೆ ಕೂತ್ಕೋತಾವೆ, ಅಷ್ಟೇ."

"ಹೆಣ್ಣುಡುಗ್ರು ಚಾಪೆ ಮುಂದೆ ಕೂತ್ಕೋತಾವೆ" ಎಂದೆ ನಾನು. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. ಆ ಮಾತು ಇನ್ನು ಹೋಗುವ ಹಾಗಿರಲಿಲ್ಲ.

ತರಬೇತುದಾರನ ಹೆಸರು ವಿಶ್ವಂಭರ. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಗೋಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಚಿತ್ರ ಬಿಡಿಸಿ ತೋರಿಸುತ್ತ, ಕಲಿಕೆಯ ಸಿದ್ಧಾಂತಗಳನ್ನು ಇಡೀ ದಿನ ವಿವರಿಸಿದ. ನಾವು ಐವರು ಟೀಚರುಗಳು ಸುಮ್ಮನೆ ಕೂತು ಕೇಳಿದೆವು. ನಡುವೆ ಮಾತಾಡಬೇಡಿ, ಪ್ರಶ್ನೆಗಳೆಲ್ಲ ಕೊನೆಗೆ ಎಂದು ಅವನೇ ಹೇಳಿದ್ದ. ಸಂಜೆ ಗಾಳಿ ಬಂತು. ಬೆಳಿಗ್ಗೆ ನಮಗೆ ನೆನಪಿದ್ದದ್ದು ಚಹಾ ಸೋಸಿದ್ದು ಮಾತ್ರ. ಅವನು ಮತ್ತೆ ಮೊದಲಿಂದ ಶುರುಮಾಡಿದ. ಮೂರನೇ ದಿನವೂ ಮೊದಲಿಂದಲೇ. ನಾಲ್ಕನೇ ದಿನ ಅವನು ಮೆಟ್ಟಿಲು ಹತ್ತಿ ಬಂದಾಗ ಹಾಲಪ್ಪ ಮೇಷ್ಟ್ರು ಬಹಳ ಮರ್ಯಾದೆಯಿಂದ ಎದ್ದು ನಿಂತು, "ತಾವು ಯಾರು, ಎಲ್ಲಿಂದ ಬಂದದ್ದು?" ಎಂದು ಕೇಳಿದರು.

ಅವನ ಮುಖ ಸಣ್ಣಗಾಯಿತು. ನಾನು ಎದ್ದುಹೋಗಿ ಅವನ ಕೈ ಹಿಡಿದುಕೊಂಡೆ, ಬೇರೆಯವರಿಂದಲೂ ಹಿಡಿಸಿದೆ. ಆಮೇಲೆ, "ನೀವು ಹೇಳಿದ್ದನ್ನ ನಮ್ಮ ಬಾಯಲ್ಲಿ ಹೇಳಿಸಿ ಸಾರ್" ಎಂದೆ. ಅವತ್ತು ಕಲಿತದ್ದು ಇವತ್ತಿಗೂ ನನಗಿದೆ. ಒಂದು, ಸರಿಯಾಗಿ ಮಾಡಿದರೆ ಕೂಡಲೇ ಮೆಚ್ಚಬೇಕು, ಮತ್ತೆ ಮತ್ತೆ ಮಾಡಿಸಬೇಕು. ಎರಡು, ತಿಳಿವಳಿಕೆಯನ್ನು ಯಾರೂ ಯಾರಿಗೂ ತುಂಬಿಕೊಡಲು ಆಗುವುದಿಲ್ಲ, ಮಗು ತಾನೇ ಕಟ್ಟಿಕೊಳ್ಳುತ್ತದೆ. ಮೂರು, ತಾನೊಬ್ಬನೇ ಹತ್ತಲಾಗದ ಮೆಟ್ಟಿಲನ್ನು ಒಂದು ಮೆಟ್ಟಿಲು ಮೇಲಿರುವವರ ಕೈ ಹಿಡಿದು ಹತ್ತುತ್ತದೆ.

"ಮೂರರಲ್ಲಿ ಯಾವುದು ಬೇಗ ಆಗುತ್ತೆ?" ಎಂದು ಹಾಲಪ್ಪ ಮೇಷ್ಟ್ರು ಕೇಳಿದರು.

"ಬೇಗ ಆಗೋದು ಮೊದಲನೇದು" ಎಂದ ವಿಶ್ವಂಭರ. "ಟ್ಯಾಬಲ್ಲಿ ಅದಕ್ಕೇ ಪಾಠ ತುಂಬಿಕೊಂಡು ಬಂದಿದೀನಿ."

ಹೀಗೆ ಆ ಚಳಿಗಾಲ ನಮ್ಮ ಶಾಲೆಯಲ್ಲಿ ನಕ್ಷತ್ರಗಳು ಉದುರತೊಡಗಿದವು. ಮಗು ಕಿವಿಗೆ ಇಯರ್‌ಫೋನು ಸಿಕ್ಕಿಸಿ ಪಾಠ ಕೇಳುತ್ತದೆ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಬೆರಳಿನಿಂದ ಮುಟ್ಟಿದರೆ ಟಿಣ್ ಎಂದು ಗಂಟೆ ಬಾರಿಸಿ, ಪರದೆಯ ಮೇಲಿನಿಂದ ಒಂದು ನಕ್ಷತ್ರ ತೇಲುತ್ತ ಬಂದು ಕೆಳಗೆ ಕೂರುತ್ತದೆ. ಮಂಜು ಕವಿದ ಬೆಳಗುಗಳಲ್ಲಿ ಕಿಟಕಿಯಿಂದ ನೋಡಿದರೆ ಸಾಲಾಗಿ ಕೂತ ಮಕ್ಕಳ ಗಲ್ಲಗಳ ಮೇಲೆ ನೀಲಿ ಬೆಳಕು ಓಡಾಡುತ್ತಿತ್ತು. ಯಾರೊಬ್ಬರೂ ಮಾತಾಡುತ್ತಿರಲಿಲ್ಲ. ನೀರಿನೊಳಗೆ ಕೂತು ಓದುತ್ತಿರುವವರಂತೆ ಕಾಣುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಏನೂ ಗೊತ್ತಿಲ್ಲದ ಮಕ್ಕಳು ಮಧ್ಯಾಹ್ನ ಎರಡಕ್ಕೆ ಪರೀಕ್ಷೆ ಕೊಟ್ಟರೆ ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದರು. ಸಂಜೆ ಗಾಳಿ ಬರುತ್ತಿತ್ತು. ಮರುದಿನ ಒಂಬತ್ತಕ್ಕೆ ಮತ್ತೆ ಮೊದಲಿಂದ. ಹಾಲಪ್ಪ ಮೇಷ್ಟ್ರಿಗೆ ಅದರ ಚಿಂತೆ ಇರಲಿಲ್ಲ. "ಪರೀಕ್ಷೆ ಇರೋದೂ ಮಧ್ಯಾಹ್ನ ಎರಡಕ್ಕೇ ಕಣಮ್ಮ. ನಮಗೆ ಬೇಕಾದ್ದು ಆ ಎರಡು ಗಂಟೆ" ಅನ್ನುತ್ತಿದ್ದರು. ಸುಳ್ಳು ಹೇಳುವುದಿಲ್ಲ, ನನಗೂ ಖುಷಿಯಾಗಿತ್ತು. ನನ್ನ ತರಗತಿಗೆ ತೊಂಬತ್ತು ಬಂದದ್ದು ಅದುವರೆಗೆ ನಾನು ನೋಡಿರಲೇ ಇಲ್ಲ.

ಏಳನೇ ತರಗತಿಯಲ್ಲಿ ತಾಯಮ್ಮ ಎಂಬ ಹುಡುಗಿ ಇದ್ದಳು. ಅಜ್ಜಿಯ ಹೆಸರು ಇಟ್ಟಿದ್ದರು, ನಡೆಯೂ ಅಜ್ಜಿಯದೇ. ಮೊದಲೆಲ್ಲ ಅವಳ ಪಾಠ ಮುಗಿಯುವುದೇ ತಡ, ಚಿಕ್ಕ ತರಗತಿಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ನಾಲ್ಕಾರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಫೆಬ್ರುವರಿಯ ಒಂದು ಬೆಳಿಗ್ಗೆ ರಾತ್ರಿಯಿಡೀ ಕರೆಂಟಿಲ್ಲದೆ ಚಾರ್ಜಾಗದ ಟ್ಯಾಬುಗಳೆಲ್ಲ ಸತ್ತುಬಿದ್ದಿದ್ದವು. ಮೂರನೇ ತರಗತಿಯ ಮಗುವೊಂದು ಕಳೆಯುವ ಲೆಕ್ಕ ತಿಳಿಯದೆ ಅಳುತ್ತಿತ್ತು. "ಹೋಗು ತಾಯಮ್ಮ, ಒಂಚೂರು ಹೇಳಿಕೊಡು" ಎಂದೆ.

ಅವಳು ಏಳಲಿಲ್ಲ. "ನಂಗೆ ಗೊತ್ತಿಲ್ಲ ಟೀಚರ್" ಎಂದಳು.

"ಕಳೆಯೋ ಲೆಕ್ಕ ಗೊತ್ತಿಲ್ವಾ? ನೀನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದೀಯ!"

ಅವಳು ಮಡಿಲಲ್ಲಿದ್ದ ಕಪ್ಪು ಪರದೆಯನ್ನು ತೋರಿಸಿದಳು. "ಅದಕ್ಕೆ ಗೊತ್ತು. ಅದು ಹೇಳಿದ್ರೆ ನಾನು ಮುಟ್ತೀನಿ."

ಅವಳ ದನಿಯಲ್ಲಿ ದುಃಖ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಗಾಳಿ ಆ ದಿನದ ಪಾಠವನ್ನಷ್ಟೇ ಒಯ್ಯುತ್ತಿದೆ ಎಂದುಕೊಂಡಿದ್ದೆ. ಅವಳಿಗೆ ಮುಂಚೆ ಕೈವಶವಾಗಿದ್ದದ್ದೂ ಬಳಸದೆ ಬಳಸದೆ ಮರಗಟ್ಟಿತ್ತು. ಗಾಳಿಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ, ಅದು ನಾವು ಮಾಡಿದ್ದು.

ಅವತ್ತೇ ಮಧ್ಯಾಹ್ನ ವಿಶ್ವಂಭರನ ಬಳಿ ಹೋದೆ. ಅಂಚೆ ಕಚೇರಿಯ ಮಹಡಿಯಲ್ಲಿ ಅವನ ಬಿಡಾರ. ನಾನು ಬಾಯಿ ತೆರೆಯುವ ಮೊದಲೇ ಅವನು, "ತಾಯಮ್ಮನ ವಿಷಯ ತಾನೇ?" ಎಂದ. "ನಾನೂ ಅಲ್ಲೇ ಇದ್ದೆ ಟೀಚರ್. ಮೂರು ಸಿದ್ಧಾಂತ ಹೇಳ್ಕೊಂಡು ಬಂದವನು ನಾನು, ಒಂದನ್ನೇ ಹಿಡ್ಕೊಂಡು ಕೂತೆ. ಟ್ಯಾಬು ಮಕ್ಕಳಿಗೆ ಪಾಠ ಹೇಳೋದು ಅಂತ ಅಂದ್ಕೊಂಡಿದ್ದೆ."

"ಮಕ್ಕಳು ಟ್ಯಾಬಿಗೆ ಪಾಠ ಹೇಳಿದ್ರೆ?" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಮ್ಮೂರಿನವನ ಹಾಗೆ, ನಿಧಾನವಾಗಿ, "ಮಕ್ಕಳು ಟ್ಯಾಬಿಗೆ ಪಾಠ ಹೇಳಿದ್ರೆ" ಎಂದ.

ಮರುದಿನ ಇಯರ್‌ಫೋನುಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದೆವು. ಮೂವರಿಗೆ ಒಂದು ಟ್ಯಾಬು. ಒಬ್ಬರು ಮಾಡಬೇಕು, ಒಬ್ಬರು ಟ್ಯಾಬಿನಲ್ಲಿ ಅದರ ವಿಡಿಯೋ ಚಿತ್ರ ಹಿಡಿಯಬೇಕು, ಇನ್ನೊಬ್ಬರು ತಡೆದು ತಡೆದು ಕೇಳಬೇಕು. ಕೆಸರು ನೀರು ತಿಳಿಯಾಗಿಸುವುದನ್ನು ಮರಳು, ಇದ್ದಿಲು, ಹಳೆಯ ಪಂಚೆಯಿಂದ ಮಾಡಿದರು. ಊರಿನ ಓಣಿಗಳಲ್ಲಿ ಹೆಜ್ಜೆ ಎಣಿಸುತ್ತ ನಡೆದು ನಕ್ಷೆ ಬರೆದರು. ಭಿನ್ನರಾಶಿಯನ್ನು ಆಪಿನ ಕಡ್ಡಿ ಮಡಚಿ ಮಾಡಿದರು. ಮರುದಿನ ಬೆಳಿಗ್ಗೆ ತಮ್ಮದೇ ಚಿತ್ರವನ್ನು ತಿರುಗಿ ನೋಡುತ್ತಿದ್ದರು. "ನಿಲ್ಸು, ನಿಲ್ಸು! ಅಲ್ಲಿ ಇದ್ದಿಲು ಕಮ್ಮಿ ಹಾಕ್ದೆ ನೋಡು" ಎಂದು ತಮ್ಮ ತಪ್ಪನ್ನು ತಾವೇ ಹಿಡಿದು ಮತ್ತೆ ಮಾಡುತ್ತಿದ್ದರು. ಸರಿಯಾದದ್ದನ್ನು ಚಿಕ್ಕ ತರಗತಿಗಳಿಗೆ ಕೊಡುತ್ತಿದ್ದರು. ಆ ಮಕ್ಕಳು ಒಂದು ಚೂರು ನೋಡಿ, ಅಷ್ಟು ಮಾಡಿ, ಮತ್ತೊಂದು ಚೂರು ನೋಡುತ್ತಿದ್ದರು. ತಾಯಮ್ಮ ಮೊದಲ ವಾರ ಬೆರಳುಗಳನ್ನು ಮಡಚಿಕೊಂಡೇ ಕೂತಿದ್ದಳು. ಎರಡನೇ ವಾರ ಗೆಳತಿಯ ಕೈಯಿಂದ ಕಡ್ಡಿ ಕಿತ್ತುಕೊಂಡು, "ಹಂಗಲ್ವೇ, ಹಿಂಗೆ" ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಆದರೆ ಶಾಲೆ ಗಲಾಟೆಯ ಗೂಡಾಯಿತು, ಮಧ್ಯಾಹ್ನದ ತೊಂಬತ್ತು ಐವತ್ತಕ್ಕೆ ಇಳಿಯಿತು. ಮಕ್ಕಳಿಗೆ ಕೆಲಸ ಬರುತ್ತಿತ್ತು, ಪುಸ್ತಕದಲ್ಲಿ ಅದಕ್ಕಿರುವ ಹೆಸರು ಬರುತ್ತಿರಲಿಲ್ಲ. ಹಾಲಪ್ಪ ಮೇಷ್ಟ್ರು ನನ್ನನ್ನು ಕರೆದು ನಿಲ್ಲಿಸಿದರು. "ಪರೀಕ್ಷೆ ಆಗ್ಲಿ, ಆಮೇಲೆ ನಿಂಗೆ ಬೇಕಾದ್ದು ಮಾಡ್ಕೋ. ಅವತ್ತೊಂದು ಬೆಳಿಗ್ಗೆ ಹಳೇ ಪಾಠ ಹಾಕಿ ಕೂರಿಸೋಣ. ಶಾಲೆ ಉಳಿದ್ರೆ ತಾನೇ ನೀನು ಕಲಿಸೋದು?" ಅವರ ಮಾತು ತಪ್ಪಾಗಿರಲಿಲ್ಲ. ನಾನು ಒಪ್ಪಿದೆ.

ಪರೀಕ್ಷೆಯ ದಿನ ಬೀರು ತೆರೆದು ಇಯರ್‌ಫೋನು ಹಂಚಿದೆವು. ಮಕ್ಕಳು ಮತ್ತೆ ನೀರಿನೊಳಗೆ ಇಳಿದವರ ಹಾಗೆ ಸುಮ್ಮನಾದರು. ಪರೀಕ್ಷಕಿ ವಿಮಲಾಕ್ಷಿ ಮೇಡಂ ಹನ್ನೊಂದರ ದೋಣಿಗೆ ಬಂದರು. ನರೆಗೂದಲಿನ ಗಟ್ಟಿ ಹೆಂಗಸು, ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಮೇಷ್ಟ್ರೂ ನಾನೂ ಅವರ ಕೈ ಹಿಡಿದು ಬರಮಾಡಿಕೊಂಡೆವು. ಚಹಾ ಕೊಡುವಾಗ ಕಿಟಕಿಯಾಚೆ ತಾಯಮ್ಮ ಕಂಡಳು. ತೆರೆದ ಎರಡು ಅಂಗೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಕಣ್ಣು ಪಿಳಿಕಿಸದೆ ಪರದೆ ನೋಡುತ್ತಿದ್ದಳು. ಆ ಬರಿಗೈ ನೋಡಿ ನನಗೆ ಏನಾಯಿತೋ.

"ಮೇಡಂ, ಪರೀಕ್ಷೆ ಇವತ್ತು ಬೇಡ. ನಾಳೆ ಬೆಳಿಗ್ಗೆ ಮಾಡಿ" ಎಂದುಬಿಟ್ಟೆ.

"ಯಾಕೆ? ತಯಾರಿ ಆಗಿಲ್ವಾ?"

"ತಯಾರಿ ಆಗಿದೆ, ಅದಕ್ಕೇ ಬೇಡ ಅಂದದ್ದು. ಈ ಹೊತ್ತಿಗೆ ಗೊತ್ತಿರೋದು ನಮ್ಮೂರಲ್ಲಿ ಸಂಜೆ ಗಾಳಿಗೆ ಹೋಗುತ್ತೆ. ನಾಳೆ ಬೆಳಿಗ್ಗೆ ಏನು ಉಳಿದಿರುತ್ತೋ ಅದನ್ನ ನೋಡಿ."

ಹಾಲಪ್ಪ ಮೇಷ್ಟ್ರು ಲೋಟ ಕೆಳಗಿಟ್ಟರು. ವಿಮಲಾಕ್ಷಿ ಮೇಡಂ ನನ್ನನ್ನೂ ಅವರನ್ನೂ ನೋಡಿದರು. ಕಾಗದ ತೆಗೆದು ಓದಿ, "ನಾಳೆ ಮಾಡಬಾರದು ಅಂತ ಇದರಲ್ಲಿ ಇಲ್ಲ" ಎಂದರು. ಅದನ್ನೇ ನಾನೂ ಒಮ್ಮೆ ಹೇಳಿದೆ, ನಾಳೆಗೆ ಉಳಿಯಲಿ ಎಂದು.

ಅವತ್ತು ಗಾಳಿ ಬರುವ ಮುಂಚೆ ಶಾಲೆಯ ಜಗಲಿಯಲ್ಲಿ ಹಾಲಪ್ಪ ಮೇಷ್ಟ್ರೂ ನಾನೂ ಇಬ್ಬರೇ ಉಳಿದೆವು. ಮೇಷ್ಟ್ರು ನೀರಿನ ಕಡೆ ನೋಡುತ್ತಲೇ ಹೇಳಿದರು. "ಮೂವತ್ತಾರು ವರ್ಷ ಕಣೇ. ನನ್ನ ಶಾಲೇನ ನೀನು ಮುಚ್ಚಿಸ್ದೆ."

ಸುಮ್ಮನಿದ್ದಿದ್ದರೆ ಆ ಮಾತು ಇನ್ನು ಕಾಲುಗಂಟೆಯಲ್ಲಿ ನನ್ನಿಂದ ಹೋಗುತ್ತಿತ್ತು. ಅವರ ಪಾಲಿಗಷ್ಟೇ ಉಳಿಯುತ್ತಿತ್ತು. ಅಷ್ಟು ಭಾರವನ್ನು ಅವರೊಬ್ಬರ ಮೇಲೇ ಬಿಟ್ಟುಹೋಗಲು ನನಗೆ ಮನಸ್ಸಾಗಲಿಲ್ಲ. "ನಿಮ್ಮ ಶಾಲೇನ ನಾನು ಮುಚ್ಚಿಸ್ದೆ" ಎಂದೆ. ಅವರು ತಿರುಗಿ ನೋಡಿದರು. ಆಪಿನ ಹುಲ್ಲು ಒಂದೇ ಕಡೆಗೆ ಬಾಗತೊಡಗಿತು.

ಬೆಳಿಗ್ಗೆ ಪ್ರಶ್ನೆಪತ್ರಿಕೆ ಹಂಚಿದರು. ಮಕ್ಕಳು ಪೆನ್ನು ಕಚ್ಚುತ್ತ ಕೂತರು. ಬರೆಯುತ್ತಿದ್ದರು, ನಿಲ್ಲಿಸುತ್ತಿದ್ದರು. ಮುಗಿದ ಮೇಲೆ ನೋಡಿದರೆ ಅರ್ಧಕ್ಕರ್ಧ ಮಕ್ಕಳೂ ಪಾಸಾಗಿರಲಿಲ್ಲ. ಮೇಡಂ ಪತ್ರಿಕೆಗಳನ್ನು ಜೋಡಿಸಿ ದಾರ ಕಟ್ಟಿದರು. ಮಧ್ಯಾಹ್ನದ ದೋಣಿಗೆ ಇನ್ನೂ ಹೊತ್ತಿತ್ತು. ಎದುರಿಗೇ ಇದ್ದ ತಾಯಮ್ಮನನ್ನು, "ಏಳನೇ ಪ್ರಶ್ನೆ ಯಾಕಮ್ಮ ಬಿಟ್ಟಿದೀಯ? ಮೂರನೇ ಎರಡರ ನಾಲ್ಕನೇ ಮೂರು ಭಾಗ ಎಷ್ಟು?" ಎಂದು ಕೇಳಿದರು.

"ಅದನ್ನ ಹೆಂಗೆ ಬರೀತಾರೆ ಅನ್ನೋದು ಹೋಗಿದೆ ಮೇಡಂ" ಎಂದಳು ತಾಯಮ್ಮ. "ಮಾಡಕ್ಕೆ ಬರುತ್ತೆ. ನೀವೂ ಮಾಡ್ತೀರಾ?"

ಒಪ್ಪಿಗೆಗೆ ಕಾಯದೆ ಒಂದೇ ಅಳತೆಯ ಮೂರು ಕಡ್ಡಿ ತಂದು ಒಂದನ್ನು ಅವರ ಕೈಗಿಟ್ಟಳು. "ಮೂರು ಪಾಲು ಮಡಚಿ. ಒಂದು ಪಾಲು ಮುರಿದು ತೆಗೀರಿ. ಉಳಿದದ್ದು ಮೂರರಲ್ಲಿ ಎರಡು. ಈಗ ಅದನ್ನ ನಾಕು ಪಾಲು ಮಾಡಿ, ಅದರಲ್ಲೂ ಒಂದು ತೆಗೀರಿ." ಉಳಿದ ಚೂರನ್ನು ತಾಯಮ್ಮ ಒಂದು ಇಡೀ ಕಡ್ಡಿಯ ಪಕ್ಕಕ್ಕಿಟ್ಟಳು. ಸರಿಯಾಗಿ ಅರ್ಧ ಬಂದಿತ್ತು. ಮೇಡಂ ಅವರ ಚೂರು ಅರ್ಧಕ್ಕೆ ಬರಲಿಲ್ಲ. ಅಷ್ಟರಲ್ಲಿ ಅವಳ ಗೆಳತಿ ಟ್ಯಾಬು ಹಿಡಿದು ಚಿತ್ರ ತೆಗೆದೇಬಿಟ್ಟಿದ್ದಳು. "ಇಲ್ಲಿ ನೋಡಿ ಮೇಡಂ, ಎರಡನೇ ಮಡಿಕೇಲಿ ನಿಮ್ಮ ಹೆಬ್ಬೆರಳು ಜಾರಿತು." ವಿಮಲಾಕ್ಷಿ ಮೇಡಂ ಪರದೆಯ ಮೇಲೆ ತಮ್ಮ ಹೆಬ್ಬೆರಳು ಜಾರುವುದನ್ನು ಎರಡು ಸಲ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಇನ್ನೊಂದು ಕಡ್ಡಿ ತಾ" ಎಂದರು. ಆ ಹೊತ್ತಿಗೆ ಹುಡುಗರು ಇದ್ದಿಲು, ಮರಳು, ಕೆಸರು ನೀರಿನ ಕೊಡ ಎಲ್ಲವನ್ನೂ ಹೊತ್ತು ತಂದಿದ್ದರು. ಮಧ್ಯಾಹ್ನದ ದೋಣಿ ಮೇಡಂ ಇಲ್ಲದೆಯೇ ಹೋಯಿತು.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವರು ಅಂಗಳದಲ್ಲಿ ಕೂತು ಕಡ್ಡಿ ಮಡಚುತ್ತಿದ್ದರು. "ಯಾರು ಹೇಳಿಕೊಟ್ಟರು ಅನ್ನೋದು ಮಸುಕಾಗಿದೆ ಇಂದುಮತಿ. ಬೆರಳಿಗೆ ಮಾತ್ರ ಚೆನ್ನಾಗಿ ಗೊತ್ತಿದೆ" ಎಂದರು. ಅಂಕಪಟ್ಟಿಯನ್ನು ಇದ್ದದ್ದು ಇದ್ದ ಹಾಗೇ ತುಂಬಿದರು. ಅದರ ಹಿಂದೆ ಎರಡು ಹಾಳೆ ತಮ್ಮ ಕೈಯಾರೆ ಬರೆದು ಸೇರಿಸಿದರು. ಏಪ್ರಿಲ್ ಕೊನೆಗೆ ಕಚೇರಿಯಿಂದ ಉತ್ತರ ಬಂತು. ಶಾಲೆಗೆ ಒಂದು ವರ್ಷದ ಅವಕಾಶ, ಮುಂದಿನ ಮಾರ್ಚಿನಲ್ಲಿ ಮತ್ತೆ ಪರೀಕ್ಷೆ, ಬರೆಯುವುದರ ಜೊತೆಗೆ ಮಾಡಿ ತೋರಿಸುವುದಕ್ಕೂ ಅಂಕ. ವಿಶ್ವಂಭರ ಆ ಕಾಗದವನ್ನು ಗಟ್ಟಿಯಾಗಿ ಓದಿದ, ಮಕ್ಕಳೆಲ್ಲ ಸಾಲು ಸಾಲಾಗಿ ತಿರುಗಿ ಹೇಳಿದರು. ಆ ವಾರವೇ ಅವನು ಇನ್ನೊಂದು ಊರಿಗೆ ಹೊರಟ. ಹೋಗುವಾಗ ಪ್ರತಿ ಮಗುವಿನ ಕೈಯನ್ನೂ ಹಿಡಿದುಕೊಂಡ, ಎಷ್ಟು ಹೊತ್ತಾದರೂ ಬಿಡಲಿಲ್ಲ.

ಹಾಲಪ್ಪ ಮೇಷ್ಟ್ರು ಮಾತ್ರ ಜಗಲಿಯ ಆ ಸಂಜೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಮೇ ತಿಂಗಳಲ್ಲಿ ಶಾಲು ಹೊದಿಸಿ ಕಳಿಸಿದಾಗಲೂ ನನ್ನ ಕಡೆ ನೋಡಲಿಲ್ಲ. ಜೂನ್ ಎರಡನೇ ವಾರ, ಒಂದನೇ ತರಗತಿಯ ಬಾಗಿಲಲ್ಲಿ ಬಂದು ನಿಂತರು. ಜೇಬು ತುಂಬ ಹುಣಸೆ ಬೀಜ.

"ಎಣಿಸೋದು ಕಲಿಸ್ತೀನಿ. ನೀನು ಅದನ್ನ ಹಿಡಿ" ಎಂದು ಟ್ಯಾಬಿನ ಕಡೆ ಗಲ್ಲ ಎತ್ತಿದರು. "ಮೂವತ್ತಾರು ವರ್ಷ ಮಾಡಿದ್ದು, ಒಂದು ಸಲ ನಾನೂ ನೋಡೋಣ."

"ಒಂದು ಸಲ ನೀವೂ ನೋಡಿ" ಎಂದೆ. ಹೊಸದಾಗಿ ಸೇರಿದ ಆರು ವರ್ಷದ ಹುಡುಗಿಯನ್ನು ಎದುರು ಕೂರಿಸಿಕೊಂಡು ಅವರು ಬೀಜ ಹರವಿ ಪಾಠ ಮಾಡಿದರು. ನಾನು ಚಿತ್ರ ಹಿಡಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಬೆಂಚಿನ ಮೇಲೆ ಕೂತು ನೋಡಿದೆವು. ಪರದೆಯಲ್ಲಿ ಹುಡುಗಿಯ ಪುಟ್ಟ ಕೈ ಬೀಜದ ಕಡೆ ಬರುತ್ತಿತ್ತು. ಅದು ಮುಟ್ಟುವ ಮೊದಲೇ ದೊಡ್ಡ ಕೈಯೊಂದು ಬಂದು ಬೀಜ ಎತ್ತಿಡುತ್ತಿತ್ತು. ಮತ್ತೆ ಪುಟ್ಟ ಕೈ, ಮತ್ತೆ ದೊಡ್ಡ ಕೈ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲದೆ ಪರದೆಯ ಮೇಲೆ ಇಡೀ ಅಂಗೈ ಮುಚ್ಚಿದರು.

"ಎಲ್ಲಾನೂ ನಾನೇ ಎತ್ತಿಟ್ಟಿದೀನಿ ಕಣಮ್ಮ. ಅವಳಿಗೆ ಒಂದನ್ನೂ ಬಿಟ್ಟಿಲ್ಲ."

ಅದನ್ನು ತಿರುಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಹೇಳಿದವರು ಅವರೇ. ಅವರು ಟ್ಯಾಬನ್ನು ಪಕ್ಕಕ್ಕಿಟ್ಟು, "ಆ ಮಗೂನ ಕರಿ" ಎಂದರು.

ಹುಡುಗಿ ಬಂದು ಕೂತಳು. ಮೇಷ್ಟ್ರು ಬೀಜಗಳನ್ನು ನೆಲಕ್ಕೆ ಸುರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹುಡುಗಿ ಮೊದಲು ಅವರ ಮುಖ ನೋಡಿದಳು, ಆಮೇಲೆ ಬೀಜ ನೋಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಬೆನ್ನ ಹಿಂದೆ ಮೇಷ್ಟ್ರ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಹುಡುಗಿ ಕೈ ಚಾಚಿ ಒಂದು ಬೀಜ ಎತ್ತಿ ತನ್ನ ಕಡೆಗಿಟ್ಟುಕೊಂಡು, "ಒಂದು" ಎಂದಳು.